ಕುಂಟು ಕುರ್ಚಿಯ ಪರ ನನ್ನ ವಾದ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಹೋದ ವಾರ ಈ ಮನೆಯಲ್ಲಿ ನನ್ನೆದುರು ಯಾರಿಗೂ ಒಂದು ಮಾತು ಮುಗಿಸಲು ಆಗಲಿಲ್ಲ. ಅದಕ್ಕೆ ಕಾರಣ ಒಂದು ಸೀಟಿ.

ಸೀಟಿ ನಮ್ಮ ಯಜಮಾನರದು. ಬಸ್ ಕಂಡಕ್ಟರ್ ಆಗಿದ್ದರು. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಅವರು ಊದಿದರೆ ಅರವತ್ತು ಜನರಿದ್ದ ಬಸ್ಸು ನಿಲ್ಲುತ್ತಿತ್ತು. ಮನೆಯಲ್ಲಿ ನನ್ನ ಮಾತು ನಿಲ್ಲುತ್ತಿರಲಿಲ್ಲ.

ಅವರು ಹೋಗಿ ಎಂಟು ತಿಂಗಳಾಯಿತು. ಬಟ್ಟೆ ಕೊಟ್ಟಾಯಿತು, ಮಂಚ ಕೊಟ್ಟಾಯಿತು. ಉಳಿದದ್ದು ಮೊಳೆಗೆ ನೇತುಹಾಕಿದ ಸೀಟಿ, ಕಿಟಕಿ ಪಕ್ಕದ ಬೆತ್ತದ ಕುರ್ಚಿ. ಕುರ್ಚಿಯ ಒಂದು ಕಾಲು ಬಿರುಕು ಬಿಟ್ಟಿತ್ತು. ನಾನೇ ಬಟ್ಟೆ ಸುತ್ತಿ ಕಟ್ಟಿದ್ದೆ. ಅದರಲ್ಲಿ ಕೂತರೆ ಅವರ ಬೆನ್ನು ಮಾಡಿದ ಗುಳಿ ನನ್ನ ಬೆನ್ನಿಗೆ ಸಿಗುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮೊಮ್ಮಗಳು ಶಾಲೆಯ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಳು. ಗೋಡೆಗೆ ದೊಡ್ಡ ಹಾಳೆ ಅಂಟಿಸಿದಳು: 'ವಾದದಲ್ಲಿ ಮಾಡುವ ಹತ್ತು ತಪ್ಪುಗಳು'. ಅಜ್ಜನ ಸೀಟಿ ಇಳಿಸಿಕೊಂಡು ಕಾನೂನು ಮಾಡಿದಳು. ಮನೆಯಲ್ಲಿ ಯಾರು ತಪ್ಪು ವಾದ ಮಾಡಿದರೂ ಸೀಟಿ. ಊದಿಸಿಕೊಂಡವರು ಅಲ್ಲೇ ಬಾಯಿ ಮುಚ್ಚಬೇಕು.

"ನಾನು ಊದ್ತೀನಿ, ಕೊಡೆ. ನನ್ನ ಗಂಡನ ಸೀಟಿ ಅದು."

"ಅದೇ ತಪ್ಪು ವಾದ, ಅಜ್ಜಿ. ಗಂಡನ ಸೀಟಿ ಅಂದ್ರೆ ಹೆಂಡ್ತಿಗೆ ಊದೋಕೆ ಬರುತ್ತೆ ಅಂತಲ್ಲ."

ಊದಿ ತೋರಿಸಿದೆ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಗಕ್ಕನೆ ನಿಂತ. ಕೆಲಸ ನನಗೇ ಸಿಕ್ಕಿತು.

ಸೋಮವಾರ ಮಗ ಶುರು ಮಾಡಿದ. "ಅಮ್ಮಾ, ಆ ಕುರ್ಚಿ ಹೀಗೇ ಬಿಟ್ರೆ..."

ಸೀಟಿ ಕೈಗೆತ್ತಿಕೊಂಡೆ. ಈ ದಿನ ಬಂದೇ ಬರುತ್ತದೆಂದು ಗೊತ್ತಿತ್ತು. ಕುರ್ಚಿಯನ್ನೂ ಎಸೆಯುತ್ತಾರೆ.

"...ಇವತ್ತು ಬಿರುಕು, ನಾಳೆ ನೀನು ಬೀಳ್ತೀಯ, ನಾಡಿದ್ದು ಆಸ್ಪತ್ರೆ, ಆಮೇಲೆ..."

ಊದಿದೆ. "ಮೂರನೇ ತಪ್ಪು! ಒಂದು ಮೆಟ್ಟಿಲು ಇಳಿದ್ರೆ ಪಾತಾಳಾನೇ ಅನ್ನೋದು."

"ಎದುರು ಮನೆಯವರೂ ಅವರ ಕುರ್ಚಿನ ಆ ಮೂಲೆ ಅಂಗಡಿಯವನಿಗೇ ಕೊಟ್ರು..."

ಊದಿದೆ. "ಏಳನೇದು! ನಾಲ್ಕು ಜನ ಮಾಡಿದ್ದೇ ಸರಿ ಅನ್ನೋದು."

"ಎಂಥಾ ಹಟಮಾರಿನಮ್ಮಾ ನೀನು!"

"ಮೊದಲನೇದು! ವಾದ ಬಿಟ್ಟು ವಾದ ಮಾಡೋರನ್ನ ಬೈಯೋದು."

ಅಡುಗೆಮನೆಯಿಂದ ಸೊಸೆ ಕೂಗಿದಳು: "ಅತ್ತೆ, ಒಂದೋ ಕುರ್ಚಿ ಕೊಡಿ, ಇಲ್ಲಾ ನೆಲಕ್ಕೆ ಬೀಳಿ!"

"ಐದನೇದು! ಇರೋದು ಎರಡೇ ದಾರಿ ಅಂತ ನಿನಗ್ಯಾರು ಹೇಳಿದ್ದು?"

ನಾಲ್ಕು ದಿನ ಹೀಗೇ ನಡೆಯಿತು. ಮಗ ಕೈಸನ್ನೆ ಮಾಡಿದ, ಊದಿದೆ. (ಸನ್ನೆಯಲ್ಲಿ ಯಾವ ತಪ್ಪು ಎಂದು ಕೇಳಬೇಡಿ. ಸೀಟಿ ನನ್ನ ಕೈಯಲ್ಲಿತ್ತು.) ಚೀಟಿ ಬರೆದುಕೊಟ್ಟ, ಕನ್ನಡಕ ಸಿಗಲಿಲ್ಲವೆಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಕಿವಿಯ ಮೇಲೆ ಪೆನ್ಸಿಲು.

"ಅಮ್ಮಾ, ಕುರ್ಚಿ ತಗೊಂಡು ಹೋಗೋಕೆ ಬಂದೆ."

ಗುಜರಿಯವನನ್ನೇ ಕರೆಸಿಬಿಟ್ಟರು! ಓಡಿದೆ. ಬಸ್ಸಿನಲ್ಲಿ ಖಾಲಿಯಿರುವ ಒಂದೇ ಸೀಟು ಹಿಡಿಯುವಂತೆ ಧೊಪ್ಪನೆ ಕುರ್ಚಿಯಲ್ಲಿ ಕೂತೆ. ಸೀಟಿ ಬಾಯಲ್ಲಿಟ್ಟುಕೊಂಡೆ. ನನ್ನನ್ನು ಯಾರು ಅಲ್ಲಾಡಿಸುತ್ತಾರೋ ನೋಡೋಣ!

ಕುರ್ಚಿಯೇ ಅಲ್ಲಾಡಿತು. ಪಟ್ ಪಟ್ ಪಟ್ ಎಂದಿತು. ನಾನು ನೆಲದಲ್ಲಿದ್ದೆ. ಎದೆಯಲ್ಲಿದ್ದ ಗಾಳಿಯೆಲ್ಲ ಸೀಟಿಯೊಳಗಿಂದ ಹೊರಟಿತು. ಅಷ್ಟು ಉದ್ದದ ಸೀಟಿ ನಮ್ಮ ಯಜಮಾನರೂ ಊದಿದವರಲ್ಲ.

ಎಲ್ಲರೂ ಓಡಿ ಬಂದರು. ಊದಲು ನನ್ನಲ್ಲಿ ಉಸಿರಿರಲಿಲ್ಲ. ಹಾಗಾಗಿ ಮಗ ಆ ವಾರದ ಮೊದಲ ಪೂರ್ತಿ ಮಾತು ಆಡಿದ.

"ಅಮ್ಮಾ, ಇವರು ಬಡಗಿ! ಕುರ್ಚಿ ಕಾಲು ಸರಿಮಾಡಿಸೋಣ ಅಂತ ಸೋಮವಾರದಿಂದ ಬಡ್ಕೋತಾ ಇದೀನಿ!"

ಬಡಗಿ ಬಗ್ಗಿ ನೋಡಿದ. "ಒಂದು ಕಾಲು ಅಂದಿದ್ರಿ ಸಾರ್. ಇಲ್ಲಿ ಮೂರು ಹೋಗಿದೆ."

"ಎಸೀತೀರಿ ಅಂದ್ಕೊಂಡೆ ಕಣೋ," ಎಂದೆ ನೆಲದಿಂದಲೇ.

"ಅಪ್ಪನ ಕುರ್ಚಿ ಎಸೀತೀನಿ ಅಂತ ನಾನು ಯಾವಾಗಮ್ಮಾ ಹೇಳಿದೆ?"

ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿರಲೂ ಇಲ್ಲ.

ಮೊಮ್ಮಗಳು ಹಾಳೆಯ ಬಳಿ ಹೋಗಿ ಬೆರಳಿಟ್ಟು ಓದಿದಳು. "ಒಂಬತ್ತನೇ ತಪ್ಪು. ಎದುರಿನವರು ಹೇಳದ ಮಾತನ್ನು ತಾನೇ ಕಟ್ಟಿಕೊಂಡು ಅದರ ಜೊತೆ ಗುದ್ದಾಡುವುದು."

ನಾನು ಎಂಟರವರೆಗೆ ಮಾತ್ರ ಓದಿದ್ದೆ.

ಅವಳು ಸೀಟಿ ತೆಗೆದುಕೊಂಡು ಒಂದು ಸಲ ಊದಿದಳು. ಬಾಯಿ ಮುಚ್ಚಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ಬುಧವಾರ ಕುರ್ಚಿ ಬಂತು. ಮೂರು ಹೊಸ ಕಾಲು, ಒಂದು ಹಳೆಯದು. ಮೆಲ್ಲಗೆ ಕೂತೆ. ಗುಳಿ ಅಲ್ಲೇ ಇತ್ತು.

"ನಿಮ್ಮಪ್ಪ ಇದ್ದಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದೆ. ಸೀಟಿ ಈಗ ಮಗನ ಕೊರಳಲ್ಲಿದೆ, ಮೊಮ್ಮಗಳ ತೀರ್ಪು. ಅವನು ಅದನ್ನು ಬಾಯಿಗಿಟ್ಟ.

ಎರಡು ಸಲ ಊದಿದ.

ಅವರ ಕಥೆ ಹೇಳುತ್ತ ಹೊರಟೆ ನೋಡಿ! ಊಟದ ಹೊತ್ತಾಯಿತು, ತಟ್ಟೆಯ ಅನ್ನ ಆರಿತು. ಆಮೇಲೆ ಅವನು ಒಂದೊಂದೇ ಸಲ ಎಷ್ಟು ಬಾರಿ ಊದಿದನೋ, ನಾನಂತೂ ನಿಲ್ಲಲಿಲ್ಲ.