ಮಾರಿದ ಮನೆಯ ಹಗೇವು

ಮನೆ ಮಾರಿದ ಮೇಲೆ ಏನೇನು ಮಾಡಬೇಕೆಂದು ನನ್ನನ್ನು ಕೇಳಿರಿ. ಎಪ್ಪತ್ತರ ದಶಕದಲ್ಲಿ ಬಾಗೇವಾಡಿಯ ಮನೆ ಮಾರಿ ಮುದ್ದೇಬಿಹಾಳಕ್ಕೆ ಹೊರಟಾಗ ಹಾಲಿನವಳಿಗೆ ಹೇಳಿದೆ, ಲೈಟು ಕಡಿಸಿದೆ, ಅಂಚೆಯವನಿಗೆ ಹೊಸ ವಿಳಾಸ ಕೊಟ್ಟೆ, ಅಂಗಳದ ಒರಳುಕಲ್ಲನ್ನೂ ಬಿಡದೆ ಚಕ್ಕಡಿಗೆ ಹೇರಿಸಿದೆ. ಮನೆ ಕೊಂಡ ಮಲ್ಲಪ್ಪನ ಕೈಗೆ ಕೀಲಿ ಕೊಟ್ಟು, ಮರೆತದ್ದು ಒಂದು ಕಡ್ಡಿಯೂ ಇಲ್ಲವೆಂದು ಘೋಷಿಸಿದೆ.

ಹೊಸ ಮನೆಯಲ್ಲಿ ಡಬ್ಬಿಯ ಹಿಟ್ಟು ಮುಗಿದ ದಿನ ಯಜಮಾನರು ಕೇಳಿದರು: "ಜೋಳ ಎಲ್ಲೈತಿ?"

"ಹಗೇವದಾಗ."

"ಹಗೇವು ಎಲ್ಲೈತಿ?"

ಒಲೆಯ ಮೇಲಿನ ಹಂಚನ್ನು ಕೆಳಗಿಳಿಸಿದೆ. ವರ್ಷದ ಜೋಳವೆಲ್ಲ ಮಾರಿದ ಮನೆಯ ಅಂಗಳದಡಿ, ನೆಲದೊಳಗಿನ ಕಣಜದಲ್ಲಿ ಹಾಯಾಗಿ ಮಲಗಿತ್ತು!

"ಹೋಗ್ಲಿ ಬಿಡು, ಮನಿ ಜೋಡಿ ಅದೂ ಹೋತು."

"ಯಾಕ ಬಿಡ್ಲಿ? ಮನಿ ಮಾರೇನಿ, ರೊಟ್ಟಿ ಮಾರಿಲ್ಲ!"

ಮರುದಿನ ಮೊದಲ ಬಸ್ಸಿಗೆ ಖಾಲಿ ಚೀಲಗಳನ್ನೂ ಯಜಮಾನರನ್ನೂ ಹೇರಿಕೊಂಡು ಹೊರಟೆ.

ಮಲ್ಲಪ್ಪ ಸಜ್ಜನ. "ನಿಮ್ಮ ಜೋಳ ನಮಗ್ಯಾಕ್ರಿ ಅಕ್ಕಾರ? ಹಗೇವಿನ ಬಾಯಿ ಎಲ್ಲೈತಿ ತೋರಸ್ರಿ, ಅಗಸ್ತೇನಿ."

ಬಾಯಿಯೆಂದರೆ ಒಂದು ಚಪ್ಪಡಿ. ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಸಗಣಿಯ ಸಾರಣೆ. ಕಳ್ಳರಿಗೆ ತಿಳಿಯಬಾರದಲ್ಲ! ನಮಗೆ ಗುರುತಿಗಿದ್ದದ್ದು ಮೇಲಿಟ್ಟ ಒರಳುಕಲ್ಲು. ಅದೀಗ ಮುದ್ದೇಬಿಹಾಳದಲ್ಲಿತ್ತು.

ಸೋಲೊಪ್ಪುವವಳೇ ನಾನು? ಮಲ್ಲಪ್ಪನ ಎಮ್ಮೆ ಮಲಗಿದ್ದ ಜಾಗಕ್ಕೇ ಬೆರಳು ತೋರಿದೆ. ಎಮ್ಮೆಯನ್ನು ಎಬ್ಬಿಸಿ ಆತನ ಆಳು ಅಗೆದ. ಬರೀ ಮಣ್ಣು. ಗೋಡೆಯ ಬದಿಗೆ ತೋರಿದೆ. ಅಲ್ಲೂ ಮಣ್ಣು! ಪಕ್ಕದ ಮನೆಯ ಗಂಗಮ್ಮ ಗೋಡೆಯಾಚೆಯಿಂದ ಇಣುಕಿದಳು.

"ಯವ್ವಾ, ಮನಿ ಮಾರಿದ ಮ್ಯಾಲ ಬಾವಿ ತೋಡಸಾಕತ್ತೀಯೇನ?"

"ಬೇಕಾದ್ರ ಪಾತಾಳ ತೋಡಸ್ತೇನಿ! ಜೋಳ ನಂದು!"

ಮಧ್ಯಾಹ್ನದ ಹೊತ್ತಿಗೆ ಬಚ್ಚಲ ದಾರಿಯಲ್ಲಿ ಗುದ್ದಲಿ ಠಣ್ಣೆಂದಿತು. ಹಗೇವಿನೊಳಗಿನ ಗಾಳಿ ಕೆಟ್ಟದ್ದು. ಬಾಯಿ ತೆರೆದಿಟ್ಟು ಕಾದು, ಕಂದೀಲು ಇಳಿಬಿಟ್ಟು, ಅದು ಆರಲಿಲ್ಲವೆಂದು ಖಾತ್ರಿಯಾದ ಮೇಲೆ ಆಳು ಇಳಿದ. ಚೀಲಗಳು ತುಂಬಿದವು. ಓಣಿಯವರೆಲ್ಲ ನೋಡುವಂತೆ ಸೆರಗು ಸಿಕ್ಕಿಸಿಕೊಂಡು, ಕೋಟೆ ಗೆದ್ದವಳ ಹಾಗೆ ನಿಂತೆ.

ಮಲ್ಲಪ್ಪ ಬಹಳ ವಿನಯದಿಂದ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟ.

"ಎಮ್ಮಿ ಕಟ್ಟಾಕ ಜಾಗಾನ ಉಳಿದಿಲ್ರಿ ಅಕ್ಕಾರ. ತೆಗ್ಗು ಮುಚ್ಚಿ ಹೋಗ್ರಿ."

ಯಜಮಾನರು ಬುಟ್ಟಿಗೆ ಮಣ್ಣು ತುಂಬಿದರು. ನಾನು ಹೊತ್ತು ಸುರಿದೆ, ತುಳಿದೆ, ಎಮ್ಮೆಯನ್ನು ಬೈಯುತ್ತಲೇ ಅದರ ಸಗಣಿಯಿಂದ ಸಾರಿಸಿದೆ. ಜೋಳ ಬಿಡಲಿಲ್ಲ, ಇಂದಿಗೂ ಆ ಮಾತಿಗೆ ನಾನು ತಲೆ ತಗ್ಗಿಸುವುದಿಲ್ಲ. ಆದರೆ ಮನೆ ನಮ್ಮದಾಗಿದ್ದಷ್ಟು ಕಾಲ ಆ ಅಂಗಳವನ್ನು ನಾನು ಒಮ್ಮೆಯೂ ಅಷ್ಟು ಚೆಂದ ಸಾರಿಸಿರಲಿಲ್ಲ!