ಸ್ಲಾಬಿನ ಕೆಳಗೆ ಇಡ್ಲಿ ಹಿಟ್ಟು

ಮೊಮ್ಮಗಳು ಬಂದಳು! ಆಸ್ಪತ್ರೆಯಿಂದ ನೇರ ನಮ್ಮ ಟಿಟ್ವಾಳಾದ ಮನೆಗೇ ಬಂದಳು! ಅವಳು ಇಲ್ಲಿಗೇ ಬರಲೆಂದು ನಮ್ಮ ಮನೆಯವರು ಮಾಡಿದ ಕಿತಾಪತಿ ಕೇಳಿದರೆ ನೀವು ನನ್ನನ್ನು ‘ಪಾಪ’ ಅನ್ನುತ್ತೀರಿ.

ನಮ್ಮದು ಕಟ್ಟಡದ ತುತ್ತತುದಿಯ ಮಾಳಿಗೆ. ಏಪ್ರಿಲ್ ಬಂತೆಂದರೆ ಸ್ಲಾಬು ದೋಸೆಯ ಕಾವಲಿ. ಸಾನಪಾಡಾದ ಅಳಿಯ ಮೊದಲೇ ಹೇಳಿಬಿಟ್ಟಿದ್ದ: “ಅತ್ತೆ, ಈ ಗರ್ಮಿಯಲ್ಲಿ ಬೇಬಿ ಕೈಸೇ ರಹೇಗಾ? ನಮ್ಮಲ್ಲಿ ಎಸಿ ಉಂಟಲ್ಲ.” ಮಗಳ ಮೊದಲ ಬಾಣಂತನ ತಾಯಿಮನೆ ಬಿಟ್ಟು ಎಸಿಯಲ್ಲಿ ಆಗುವುದೇ?

ಇವರು ಹೋಟೆಲಿನಲ್ಲಿ ಆಯುಷ್ಯವಿಡೀ ಹಿಟ್ಟು ರುಬ್ಬಿದವರು. ಥರ್ಮಾಮೀಟರನ್ನೆಲ್ಲ ನಂಬುವವರಲ್ಲ. ಸೆಕೆ ಹೆಚ್ಚಾದಷ್ಟು ಹಿಟ್ಟು ಬೇಗ ಉಬ್ಬುತ್ತದೆಂಬುದೇ ಇವರ ಲೆಕ್ಕ. ಬೆಳಿಗ್ಗೆ ಒಂದು ಪಾತ್ರೆ ಇಡ್ಲಿ ಹಿಟ್ಟನ್ನು ಬಾಣಂತಿ ಕೋಣೆಯಲ್ಲಿಟ್ಟರು. ಮಧ್ಯಾಹ್ನದೊಳಗೆ ಅದು ಉಕ್ಕಿ ಮಂಚದ ಕಾಲು ತೋಯಿಸಿತು.

“ನೋಡಿದೆಯಾ? ಮಗುವಿಗೆ ಈ ಕೋಣೆ ಆಗ್ಲಿಕ್ಕಿಲ್ಲ ಮಾರಾಯ್ತಿ. ಸ್ಲಾಬಿನಡಿಗೆ ಎಂತಾದರೂ ಹಾಕಬೇಕು.”

ಸೀಲಿಂಗ್ ಕೆಲಸದವನು ಶಾಖ ತಡೆಯುವ, ಗಾಜಿನ ಎಳೆಗಳ ಹಾಸು ತಂದ. ಮೈಗೆ ಆಗುತ್ತದೋ ನೋಡಬೇಡವೇ? ಇವರು ಬನಿಯನ್ ಎತ್ತಿ ಹೊಟ್ಟೆಗೆ ಉಜ್ಜಿಕೊಂಡರು! “ಅರೇ ಕಾಕಾ, ಮೈಗೆ ಹಚ್ಚುವುದಲ್ಲ ಅದು!” ಎಂದು ಅವನು ಕೂಗುವಷ್ಟರಲ್ಲಿ ಆಗಿಹೋಗಿತ್ತು. ಸಂಜೆವರೆಗೆ ತುರಿಸಿಕೊಂಡದ್ದೇ ತುರಿಸಿಕೊಂಡದ್ದು. ಆಮೇಲೆ ಥರ್ಮೋಕೋಲ್. ಅದರ ಚೂರನ್ನು ಗ್ಯಾಸಿಗೆ ಹಿಡಿದರು. ಕಪ್ಪು ಹೊಗೆ ಕಂಡು ಪಕ್ಕದ ಮನೆಯವರು ಬಾಗಿಲು ಬಡಿದರು. ಕೊನೆಗೆ ತೆಂಗಿನ ನಾರು ಒತ್ತಿ ಮಾಡಿದ ಹಲಗೆ ಬಂತು. ಅದನ್ನೂ ಸುಟ್ಟರು.

“ಇದೂ ಉರಿಯುತ್ತದಲ್ಲ?” ಎಂದೆ.

“ಉರಿಯುತ್ತದೆ. ಆದರೆ ಹೊಗೆ ಗುರ್ತದ್ದು, ನಮ್ಮ ಬಚ್ಚಲೊಲೆಯದ್ದು. ನಾಳೆ ಕಿತ್ತು ಬಿಸಾಡಿದರೂ ಮಣ್ಣಾಗುತ್ತದೆ.”

ಹಲಗೆ ಸ್ಲಾಬಿನಡಿ ಕೂತಿತು, ತಾರಸಿಗೆ ಬಿಳಿ ಸುಣ್ಣವೂ ಬಿತ್ತು. ಅಳಿಯ ಪರೀಕ್ಷೆಗೆ ಬಂದ. ಇವರು ಮತ್ತೆ ಹಿಟ್ಟಿಟ್ಟು ಅವನನ್ನು ಅದರೆದುರು ಕೂರಿಸಿದರು! ಮಧ್ಯಾಹ್ನ ಕಳೆಯಿತು. ಹಿಟ್ಟು ಅಲ್ಲಾಡಲಿಲ್ಲ.

“ಮಾವ, ಹಿಟ್ಟೇ ಖರಾಬ್ ಇರಬಹುದು.”

“ನನ್ನ ಹಿಟ್ಟಾ?”

ಅಳಿಯ ಮತ್ತೆ ಪಾತ್ರೆಗೆ ಬಗ್ಗಿದ. ಸಂಜೆ ಹೊತ್ತಿಗೆ ಹಿಟ್ಟು ನಿಧಾನಕ್ಕೆ ಉಬ್ಬಿತು. “ಠೀಕ್ ಹೈ, ಬೇಬಿ ಇಲ್ಲೇ ಇರಲಿ” ಎಂದ.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಎಲ್ಲರಿಗೂ ಬಡಿಸಿ ಆದ ಮೇಲೆಯೇ ಉಣ್ಣುವುದು ಇವರ ಹೋಟೆಲ್ ಅಭ್ಯಾಸ. ಮಗಳ ಮದುವೆಯ ದಿನವೂ ಬದಲಾಗಲಿಲ್ಲ. ಇವತ್ತು ಯಾರೂ ಕರೆಯದೆ ಬಂದು ಮಗಳ ಪಕ್ಕ ಕೂತರು. ಕೋಣೆಯಲ್ಲಿ ಮಗು ತಣ್ಣಗೆ ಮಲಗಿತ್ತು. ಇವರು ಬಾಗಿಲ ಕಡೆಗೇ ನೋಡುತ್ತಿದ್ದರು, ತುತ್ತು ಕೈಯಲ್ಲೇ ಉಳಿದಿತ್ತು.

ಅಳಿಯ ಎದ್ದು ಸಾರಿನ ಪಾತ್ರೆ ತಂದ. “ಮಾವ, ನೀವು ಕೂತೇ ಇರಿ. ನಾನು ಬಡಿಸುತ್ತೇನೆ.”