ಚೆಂಡು ಸಿಕ್ಕ ಮೇಲೆ ಓಡಬಾರದು

ದೇಶದ ತಂಡದಲ್ಲಿ ನೆಟ್‌ಬಾಲ್ ಆಡಿದವಳು ನಾನು. ಈಗ ಚನ್ನಪಟ್ಟಣದಲ್ಲಿ ಕೋಚು, ಒಂಟಿ ರೂಮು. ಆಟದ ಹೆಸರು ಹೇಳಿದ ಮೇಲೂ ಎಡವಟ್ಟಾಗದ ದಿನ ನನ್ನ ನೆನಪಿನಲ್ಲಿಲ್ಲ.

ನೆಟ್ ಮೇಡಮ್ಮು

ರೂಮಿಗೆ ಬಂದ ಹೊಸದರಲ್ಲಿ ಮನೆ ಓನರಮ್ಮ ಕೇಳಿದರು, "ಏನ್ ಕೆಲ್ಸವ್ವ ನಿಂದು?"

"ನೆಟ್‌ಬಾಲ್ ಕೋಚ್."

"ನೆಟ್ಟಾ? ದೇವ್ರು ಬಂದಂಗ್ ಬಂದೆ. ನಮ್ಮನೇಲಿ ವಾರದಿಂದ ನೆಟ್ಟೇ ಬತ್ತಿಲ್ಲ. ಒಸಿ ನೋಡ್ಬಾ."

ಹೋದೆ. ವೈಫೈ ಡಬ್ಬಿ ಆರಿಸಿ ಮತ್ತೆ ಹಾಕಿದೆ, ಬಂತು. ಕಾಫಿ ಕೊಟ್ಟು, ಕೂರಿಸಿಕೊಂಡು ಮಾತಾಡಿದರು. ಆ ಬೀದಿಯಲ್ಲಿ ಯಾರಾದರೂ ನನ್ನನ್ನು ಒಳಗೆ ಕರೆದದ್ದು ಅದೇ ಮೊದಲು. ಆಮೇಲೆ ಅವರ ನೆಟ್ ಕೆಡಲೇ ಇಲ್ಲ. ಒಮ್ಮೊಮ್ಮೆ ಸಂಜೆ ನಾನೇ ಹೋಗಿ ಕೇಳುತ್ತೇನೆ: "ಅಕ್ಕಾ, ನೆಟ್ ಏನಾದ್ರೂ ತೊಂದ್ರೆ ಕೊಡ್ತಿದ್ಯಾ?"

ಹಲಗೆ

ಹೊಂಗನೂರು ಕಡೆಯ ಬಯಲಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಕಂಬ ನೆಡಿಸಿ ರಿಂಗು ಹಾಕಿಸಿದೆ. ಮಾರನೆ ದಿನ ನೋಡಿದರೆ ರಿಂಗಿನ ಹಿಂದೆ ಕೆಂಪು, ಹಳದಿ ಬಣ್ಣದ ಹಲಗೆ ಫಳಫಳ ಹೊಳೆಯುತ್ತಿದೆ. ಆ ದಾರಿಯಲ್ಲಿ ಓಡಾಡುವ ಬೊಂಬೆ ಕೆಲಸದ ಚಾಚಾ ಹೆಮ್ಮೆಯಿಂದ ನಿಂತಿದ್ದರು.

"ಚಾಚಾ, ಹಲಗೆ ಇರೋದು ಬ್ಯಾಸ್ಕೆಟ್‌ಬಾಲಿಗೆ. ಇದಕ್ಕೆ ಇರಲ್ಲ."

"ಗೊತ್ತು ಬೇಟಿ. ಸರ್ಕಾರದೋರು ಯಾವತ್ತೂ ಅರ್ಧ ಕೆಲಸಾನೇ ಮಾಡೋದು."

ಏಳನೆಯವಳು

ಈ ಆಟಕ್ಕೆ ಏಳು ಜನ ಬೇಕು. ನನ್ನ ಹತ್ತಿರ ಇದ್ದದ್ದೂ ಏಳೇ ಹುಡುಗಿಯರು. ಒಬ್ಬಳು ಬಿಟ್ಟರೂ ತಂಡವಿಲ್ಲ. ತಂಡವಿಲ್ಲದಿದ್ದರೆ ಈ ಊರಿನಲ್ಲಿ ನನಗೆ ಯಾರೂ ಇಲ್ಲ. ಏಳನೆಯವಳನ್ನು ಕಳಿಸುವುದು ಬಿಡುವುದು ಅವಳ ಅಜ್ಜಿಯ ಕೈಯಲ್ಲಿತ್ತು. "ಆಟ ನೋಡ್ದೆ ಒಪ್ಪಾಕಿಲ್ಲ" ಎಂದು ಅಜ್ಜಿ ರಾಮನಗರದ ಪಂದ್ಯಕ್ಕೆ ಬಂದೇ ಬಿಟ್ಟರು.

ನೆಟ್‌ಬಾಲಿನಲ್ಲಿ ಚೆಂಡು ಸಿಕ್ಕವರು ಓಡುವಂತಿಲ್ಲ. ಮೂರು ಸೆಕೆಂಡಿನೊಳಗೆ ತಮ್ಮವರಿಗೆ ಎಸೆಯಬೇಕು. ಮೊಮ್ಮಗಳ ಕೈಗೆ ಚೆಂಡು ಸಿಕ್ಕಿದ್ದೇ ತಡ, ಅಜ್ಜಿ ಕೂಗಿದರು: "ಓಡು ಮಗಾ, ಓಡು! ಯಾರ್ಗೂ ಕೊಡ್ಬ್ಯಾಡ!"

ನಾನು "ನಿಲ್ಲು!" ಎಂದೆ. ಹುಡುಗಿ ಮನೆಯಲ್ಲಿ ಊಟ ಹಾಕುವವರ ಮಾತು ಕೇಳಿದಳು. ಅಂಪೈರ್ ಪೀಪಿ ಊದುತ್ತಲೇ ಇದ್ದರು, ಇವಳು ಗೆರೆ ದಾಟಿ, ಗೇಟು ದಾಟಿ ಓಡುತ್ತಲೇ ಇದ್ದಳು. ಸೋತೆವು.

ನಾಳೆಯಿಂದ ಆರೇ ಜನ ಅಂದುಕೊಂಡೆ. ಅಜ್ಜಿ ಬಂದು ಜಗಳಕ್ಕೇ ನಿಂತರು. "ಸಿಕ್ಕಿದ್ನ ಬುಟ್ಬುಡೋದು ಯಾವ್ ಸೀಮೆ ಆಟವ್ವ?"

"ಬಿಡೋದಲ್ಲಜ್ಜಿ, ನಮ್ಮೋರಿಗೆ ಕೊಡೋದು. ನಮ್ಮೋರು ಅಂತ ಇದ್ರೇನೇ ಈ ಆಟ."

ಅಜ್ಜಿ ನನ್ನ ಆ ಕಡೆ ಈ ಕಡೆ ನೋಡಿದರು. "ಅಂಗಾರೆ ನಿಂಗ್ಯಾರವ್ವಾ ಅವ್ರೆ?"

ಮೂರು ಸೆಕೆಂಡು ಕಳೆಯಿತು. ಕಣ್ಣು ತುಂಬಿತು. ಏನು ಮಾಡಲೂ ತೋಚದೆ ಕೈಲಿದ್ದ ಚೆಂಡನ್ನು ಅಜ್ಜಿಗೆ ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿಯೇ ಬಿಟ್ಟರು. ನಮಗಿದ್ದದ್ದು ಅದೊಂದೇ ಚೆಂಡು!

ಮಾರನೆ ದಿನ ಇಸಿದುಕೊಳ್ಳಲು ಅವರ ಮನೆಗೆ ಹೋದೆ. ಕೂರಿಸಿ ಮುದ್ದೆ, ಉಪ್ಸಾರು ಬಡಿಸಿದರು. ಉಂಡು, ಕೈ ತೊಳೆದು ಚೆಂಡು ಕೇಳಿದೆ.

"ಮೊಮ್ಮಗಳ್ನ ಕರ್ಕೊಂಡೋಗು, ಬ್ಯಾಡ ಅನ್ನಾಕಿಲ್ಲ. ಚೆಂಡ್ ಮಾತ್ರ ಇಲ್ಲೇ ಇರ್ತದೆ, ದಿನಾ ಬಂದು ಇಸ್ಕೊಂಡೋಗು" ಎಂದರು ಅಜ್ಜಿ. "ಕೊಟ್ಬುಟ್ರೆ ಮತ್ ನೀನ್ಯಾಕ್ ಬಂದೀಯ?"